ಏಳು ಕಡೆಗೂ ಒಂದೇ ಮಾತು

ಹೂಂ ಅನ್ನೋರು ಒಬ್ಬರಾದರೂ ಇದ್ದರೆ ಹೇಳ್ತೀನಿ, ಇಲ್ಲದಿದ್ದರೆ ಈ ಕತೆ ಹಾಲಮ್ಮನ ಎದೆಯೊಳಗೇ ಇರಲಿ.

ಹರಪನಹಳ್ಳಿ ಬಸ್ ನಿಲ್ದಾಣದ ಎದುರು ಮಂಡಕ್ಕಿ ಮಿರ್ಚಿ ಅಂಗಡಿ ಇಟ್ಟಿದ್ದ ಹಾಲಮ್ಮನಿಗೆ ಒಬ್ಬನೇ ಮಗ, ಕೊಟ್ರೇಶ. ಹೇಳಿದ ಮಾತು ಕೇಳದ ಮಕ್ಕಳು ಊರು ತುಂಬ ಇದ್ದರು. ಹಾಲಮ್ಮನ ಸಂಕಟವೇ ಬೇರೆ. ಇವನು ಹೇಳಿದ ಮಾತು ಕೇಳುತ್ತಿದ್ದ. ಹೇಳಿದ್ದು ಹೇಳಿದ ಹಾಗೇ ಕೇಳುತ್ತಿದ್ದ. ಅಂಗಡಿ ಕಡೆ ಒಂದು ಕಣ್ಣಿಟ್ಟಿರು ಅಂತ ಹೇಳಿ ನೀರಿಗೆ ಹೋದರೆ, ಬೀದಿ ಹಸು ಬಂದು ಮಂಡಕ್ಕಿ ಚೀಲಕ್ಕೆ ಬಾಯಿ ಹಾಕಿ ಮೇಯುತ್ತಿದ್ದರೂ ಇವನು ಒಂದು ಕಣ್ಣು ಮುಚ್ಚಿ, ಇನ್ನೊಂದರಲ್ಲಿ ಪಿಳಿಪಿಳಿ ನೋಡುತ್ತ ಕೂತಿರುತ್ತಿದ್ದ.

ಲೆಕ್ಕದಲ್ಲಿ ಮಾತ್ರ ಅವನನ್ನು ಹಿಡಿಯುವವರಿರಲಿಲ್ಲ. ಎರಡು ಅಂದರೆ ಎರಡೇ, ಅದರೊಳಗೆ ಇನ್ನೊಂದು ಅರ್ಥ ಅಡಗಿ ಕೂತಿರುವುದಿಲ್ಲವಲ್ಲ. ಪಿಯುಸಿಯಲ್ಲಿ ಲೆಕ್ಕಕ್ಕೆ ನೂರಕ್ಕೆ ನೂರು ಬಂತು. ಕಾಲೇಜಿನ ಚನ್ನವೀರಯ್ಯ ಮೇಷ್ಟ್ರು ಅಂಗಡಿಗೇ ಬಂದು ಹಾಲಮ್ಮನನ್ನು ಕೂರಿಸಿ ಹೇಳಿದರು: ಹೆಸರಾದ ಏಳು ವಿಶ್ವವಿದ್ಯಾಲಯಗಳು ಈ ವರ್ಷ ಒಟ್ಟಿಗೆ ಸೇರಿ ಒಂದೇ ಅರ್ಜಿ ಮಾಡಿವೆ, ಒಂದು ಸಲ ತುಂಬಿದರೆ ಏಳು ಕಡೆಗೂ ಹೋಗುತ್ತದೆ, ಅಂಕ ಒಂದೇ ಸಾಲದು, ತನ್ನ ಬಗ್ಗೆ ಒಂದು ಪ್ರಬಂಧ ಬರೆಯಬೇಕು, ಕನ್ನಡದಲ್ಲೂ ಬರೆಯಬಹುದು.

ಹಾಲಮ್ಮನಿಗೆ ಖುಷಿಯಾಗಬೇಕಿತ್ತು. ಆದರೆ ಹೆದರಿಕೆಯಾಯಿತು. ಮೊದಲಾದರೆ ಒಂದು ಕಡೆ ಕೆಡಿಸಿಕೊಂಡರೆ ಇನ್ನಾರು ಉಳಿದಿರುತ್ತಿದ್ದವು. ಈಗ ಒಂದು ಸಲ ಕೆಡಿಸಿದರೆ ಏಳೂ ಕೆಟ್ಟವು.

ಮೇಷ್ಟ್ರು ಹುಡುಗನ ಹೆಗಲ ಮೇಲೆ ಕೈಯಿಟ್ಟು, "ಹೆದರಬೇಡ. ಹೊಟ್ಟೆಯೊಳಗೆ ಏನೈತೋ ಅದನ್ನೆಲ್ಲ ಬರಿ" ಅಂದರು.

ಕೊಟ್ರೇಶ ಬರೆದ. ಬೆಳಿಗ್ಗೆ ಒಂದು ರೊಟ್ಟಿ, ಪುಂಡಿಪಲ್ಲೆ. ಮಧ್ಯಾಹ್ನ ಕಾಲೇಜಿನ ಅನ್ನ ಸಾರು. ಸಂಜೆ ಅಂಗಡಿಯಲ್ಲಿ ಮುರಿದುಹೋದ ಮಿರ್ಚಿ. ರಾತ್ರಿ ಉಳಿದ ಮಂಡಕ್ಕಿ. ಅವ್ವ ತನಗೆ ಹಸಿವಿಲ್ಲ ಅಂದಳು, ಆದ್ದರಿಂದ ಅವಳ ಪಾಲೂ ನನ್ನ ಹೊಟ್ಟೆಯೊಳಗೇ ಇದೆ.

ಮೇಷ್ಟ್ರು ಓದಿ ತಲೆ ಚಚ್ಚಿಕೊಂಡರು. ನೀನು ತಿಂದದ್ದು ಯಾರಿಗೆ ಬೇಕು ಅಂತ ಬೈದು, ಪಟ್ಟ ಕಷ್ಟ ಬರೆಯಬೇಕು, ಕಾಗದ ಕೈಗೆ ತಗೊಂಡವರ ಕಣ್ಣಲ್ಲಿ ನೀರು ಬರಬೇಕು ಅಂತ ಬುದ್ಧಿ ಹೇಳಿ ಕಳಿಸಿದರು.

ಕೊಟ್ರೇಶ ಅಂಗಡಿಗೆ ಬಂದ. ಕಣ್ಣಲ್ಲಿ ನೀರು ತರಿಸುವ ಸಾಮಾನು ಅಲ್ಲಿ ಬೇಕಾದಷ್ಟಿತ್ತು. ಬೇರೆ ಹಾಳೆ ತಗೊಂಡು, ಹಸಿ ಮೆಣಸಿನಕಾಯಿ ಸೀಳಿ ಎರಡೂ ಬದಿ ತಿಕ್ಕಿದ, ಈರುಳ್ಳಿ ಹಿಂಡಿ ಒಣಗಿಸಿದ, ಒಯ್ದು ಕೊಟ್ಟ. ಮೇಷ್ಟ್ರು ಹಾಳೆ ಹಿಡಿದು ನೋಡಿದರು, ಏನೂ ಬರೆದಿಲ್ಲವಲ್ಲ ಅಂತ ಕಣ್ಣುಜ್ಜಿಕೊಂಡರು. ಅಷ್ಟೇ. ಎರಡೂ ಕಣ್ಣು ಊದಿ ಕೆಂಡವಾದವು. ಹಾಲಮ್ಮ ಮಜ್ಜಿಗೆಯಲ್ಲಿ ಬಟ್ಟೆ ಒದ್ದೆ ಮಾಡಿಕೊಂಡು ಓಡಿದಳು. ಅವರ ಕಣ್ಣಿಗೆ ಬಟ್ಟೆ ಹಾಕುತ್ತ ಹಾಲಮ್ಮ ತನ್ನ ಕಣ್ಣನ್ನೂ ಒರೆಸಿಕೊಂಡಳು. ಆ ನೀರು ಮೆಣಸಿನಕಾಯಿಯದಲ್ಲ.

ಅರ್ಜಿ ಕಳಿಸಲು ಅಂದೇ ಕಡೆಯ ದಿನ. ಕಣ್ಣು ಬಿಡಲಾಗದ ಮೇಷ್ಟ್ರು ಹೊಸದನ್ನು ಬರೆಸುವುದೆಲ್ಲಿಂದ? ಮೊದಲಿನ ಹೊಟ್ಟೆಯ ಪ್ರಬಂಧವೇ ಏಳು ಕಡೆಗೂ ಹೋಯಿತು.

ನಾಲ್ಕು ಕಡೆಯವರು ಬೇಡ ಅಂದರು. ಮೂರು ಕಡೆಯವರು ಫೋನಿನಲ್ಲಿ ಮುಖ ನೋಡಿ ಮಾತಾಡುತ್ತೇವೆ ಅಂದರು. ಹಾಲಮ್ಮ ಮಗನಿಗೆ ತಲೆ ಬಾಚಿ, ವಿಭೂತಿ ಹಚ್ಚಿ, ಇನ್ನು ಯಾರ ಕಣ್ಣಲ್ಲೂ ನೀರು ತರಿಸಬೇಡ, ಏನು ಕೇಳಿದರೂ ನಗುನಗುತ್ತ ಹೇಳು ಅಂದಳು. ತಾನು ಬಾಗಿಲ ಮರೆಯಲ್ಲಿ ನಿಂತಳು.

ಮೊದಲನೆಯವರು ವಯಸ್ಸಾದವರು, ಮೆತ್ತನೆ ಮಾತಿನವರು. ಅಪ್ಪ ಏನು ಮಾಡ್ತಾರಪ್ಪ ಅಂತ ಕೇಳಿದರು. ಕೊಟ್ರೇಶ ಹಲ್ಲು ಬಿಟ್ಟು, "ತೀರ್ಕೊಂಡ್ರು ಸಾರ್" ಅಂದು ನಕ್ಕ. ಅವರು ಗಾಬರಿಯಾಗಿ ಹೇಗೆ ಅಂದರು. ಅಕ್ಕಿ ಮಂಡಿಯಲ್ಲಿ ಮೂಟೆ ಹೊರುವಾಗ ಎದೆ ಹಿಡಕೊಂಡು ಬಿದ್ದರು ಅಂತ ಇನ್ನೂ ಜೋರಾಗಿ ನಕ್ಕ. ಅವರು ಫೋನಿಟ್ಟರು, ಆಮೇಲೆ ಅವರೂ ಬೇಡ ಅಂದರು.

ಹಾಲಮ್ಮ ಬಾಗಿಲ ಮರೆಯಿಂದ ಹೊರಗೆ ಬಂದಳು. ಗಂಡನ ಸಾವಿಗೆ ಹೊಟ್ಟೆಯ ಮಗನೇ ನಕ್ಕಿದ್ದನ್ನು ಕಿವಿಯಾರೆ ಕೇಳಿದ್ದಳು. ಬೈಯಬೇಕು ಅಂದರೆ, ನಗು ಅಂದವಳು ತಾನೇ. ಕೊನೆಗೆ ಸೋತ ದನಿಯಲ್ಲಿ, ನೀನಾಗಿ ಏನೂ ಸೇರಿಸಬೇಡ, ಅವರು ಏನು ಕೇಳ್ತಾರೋ ಅದಕ್ಕೆ ಹೌದು ಅನ್ನು ಸಾಕು ಅಂದಳು.

ಎರಡನೆಯವರು ಕೇಳಿದರು. ಲೆಕ್ಕ ಓದುವ ಮನಸ್ಸೋ? ಹೌದು. ಅಥವಾ ಇತಿಹಾಸವೋ? ಹೌದು. ಬೇರೆ ಕಡೆ ಸಿಕ್ಕರೆ ಅಲ್ಲಿಗೇ ಹೋಗುತ್ತೀಯೋ? ಹೌದು. ಅವರ ಮುಖ ಗಂಟಾಯಿತು. ಕೊನೆಗೆ, ನಮ್ಮಲ್ಲಿ ಪೂರ್ತಿ ಶುಲ್ಕ ನೀವೇ ಕಟ್ಟಬೇಕಾಗುತ್ತದೆ, ಕಟ್ಟುತ್ತೀರಾ ಅಂದರು. ಹೌದು ಅಂದ. ಅವರ ಮುಖ ಅರಳಿತು. ಸೀಟು ಕೊಟ್ಟೇಬಿಟ್ಟರು.

ಹಾಲಮ್ಮ ಅಂಗಡಿ, ಬಾಣಲೆ, ತನ್ನನ್ನೂ ಸೇರಿಸಿ ಮಾರಿದರೂ ಆಗದ ಶುಲ್ಕ ಅದು. ಈ ಸಲ ಮೇಷ್ಟ್ರೇ ಬೈದರು. ಒಬ್ಬರ ಮುಂದೆ ನಗೋದು, ಒಬ್ಬರ ಮುಂದೆ ಕುರಿ ಹಾಗೆ ತಲೆಯಾಡಿಸೋದು, ಇದೇನು ನಾಟಕ ಅಂದರು. ಆಮೇಲೆ ಬೆರಳೆತ್ತಿ ಹೇಳಿದರು: "ಏಳು ಕಡೆಗೂ ಒಂದೇ ಅರ್ಜಿ, ತಿಳೀತಾ? ಏಳು ಕಡೆಗೂ ಒಂದೇ ಮಾತು. ಒಬ್ಬರಿಗೆ ಏನು ಹೇಳ್ತಿಯೋ ಎಲ್ಲರಿಗೂ ಅದನ್ನೇ ಹೇಳು."

ಮೂರನೆಯವರು ಸುಮಂಗಲಾ ಅನ್ನುವ ಮೇಡಂ. ಅವರು ಹೆಚ್ಚು ಕೇಳಲೇ ಇಲ್ಲ. ದೇಶ ಉದ್ಧಾರ ಮಾಡುತ್ತೇನೆ ಅಂತ ಬರೆದವರದನ್ನು ಓದಿ ಓದಿ ಬೇಸತ್ತಿದ್ದೆ, ನೀನೊಬ್ಬ ತಿಂದದ್ದನ್ನು ಬರೆದಿದ್ದೀಯ ಅಂದರು. ಒಂದು ಕಷ್ಟದ ಲೆಕ್ಕ ಕೊಟ್ಟರು, ಅವನು ಕೂತಲ್ಲೇ ಬಿಡಿಸಿದ. ಹತ್ತು ದಿನಕ್ಕೆ ಸುದ್ದಿ ಬಂತು. ಸೀಟು, ಹಾಸ್ಟೆಲ್, ಎರಡು ಹೊತ್ತು ಊಟ, ಎಲ್ಲ ಬಿಟ್ಟಿ.

ಹಾಲಮ್ಮ ಆ ದಿನ ಗಿರಾಕಿಗಳಿಗೆಲ್ಲ ಒಂದೊಂದು ಮಿರ್ಚಿ ಜಾಸ್ತಿ ಹಾಕಿದಳು. ಮಗ ಅಷ್ಟು ದೂರ ಹೋಗಿ ಯಾರ ಮಾತನ್ನು ಹೇಗೆ ಕೇಳುತ್ತಾನೋ ಅನ್ನುವ ಹೆದರಿಕೆಯೂ ಇತ್ತು. ಆದರೂ ತನ್ನ ಕೈಯಲ್ಲಿ ಆಗದ್ದು ಆ ಮೇಡಂ ಕೈಯಲ್ಲಿ ಆದೀತು ಅಂದುಕೊಂಡಳು. ಸಂಜೆ ಮಗನನ್ನು ಕರೆದು, ಶುಲ್ಕ ಕೇಳಿದವರಿಗೆ ನಾನು ಬರೋದಿಲ್ಲ ಅಂತ ಮರ್ಯಾದೆಯಿಂದ ಬರೆದು ಕಳಿಸು ಅಂದಳು.

ಕಳಿಸಿದ. ಶುಲ್ಕ ಕೇಳಿದವರಿಗೆ ಕಳಿಸಿದ. ಒಬ್ಬರಿಗೆ ಹೇಳಿದ್ದನ್ನೇ ಎಲ್ಲರಿಗೂ ಹೇಳಬೇಕಲ್ಲ, ಸುಮಂಗಲಾ ಮೇಡಮ್ಮಿಗೂ ಕಳಿಸಿದ. ನೀನು ಬೇಡ ಅಂತ ಆಗಲೇ ಹೇಳಿದ್ದ ಐದು ಕಡೆಯವರಿಗೂ, ನಾನು ನಿಮ್ಮಲ್ಲಿಗೆ ಬರೋದಿಲ್ಲ, ದಯವಿಟ್ಟು ಕ್ಷಮಿಸಿ ಅಂತ ಕಳಿಸಿದ.

ಗೊತ್ತಾಗಿದ್ದು ಮರುದಿನ ಮಧ್ಯಾಹ್ನ ನಾಲ್ಕರ ಸುಮಾರಿಗೆ, ಅವನೇ ಹೆಮ್ಮೆಯಿಂದ ಹೇಳಿದಾಗ. "ಯವ್ವಾ, ಏಳು ಕಡೆಗೂ ಒಂದೇ ಮಾತು ಹೇಳೀನಿ."

ಹಾಲಮ್ಮ ಕೈಯಲ್ಲಿದ್ದ ಜಾಲರಿ ಸೌಟು ಕೆಳಗಿಟ್ಟಳು. ಬಾಣಲೆಯಲ್ಲಿ ಮಿರ್ಚಿ ಕರಕಲಾದವು. ಬೈಯಲು ಬಾಯಿ ತೆರೆದಳು. ಇಷ್ಟು ವರ್ಷ ಬೈದದ್ದು, ಹೇಳಿದ ಬುದ್ಧಿ, ಒಂದೊಂದೂ ತಿರುಗಿ ಬಂದು ತನ್ನ ಕಾಲಿಗೇ ಸುತ್ತಿಕೊಂಡದ್ದು ಕಣ್ಣ ಮುಂದೆ ಬಂತು. ಇನ್ನೇನು ಹೇಳಿದರೂ ಭಯ.

"ಬಾಯಿ ಮುಚ್ಕೊಂಡು ಕೂಡ್ರಪ್ಪಾ" ಅಂದಳು. "ನಾನು ಹೇಳೋ ತನಕ ತುಟಿ ಬಿಚ್ಚಬೇಡ." ಫೋನನ್ನು ಅವನ ಪಕ್ಕದಲ್ಲೇ ಬಿಟ್ಟು ಮೇಷ್ಟ್ರ ಮನೆಗೆ ಓಡಿದಳು.

ಮೇಷ್ಟ್ರು ಊರಲ್ಲಿರಲಿಲ್ಲ. ಸುಸ್ತಾಗಿ ವಾಪಸ್ ರಸ್ತೆಯ ಆಚೆ ಬದಿಗೆ ಬರುವಷ್ಟರಲ್ಲಿ ಕೊಟ್ರೇಶ ಫೋನ್ ಕಿವಿಗೆ ಹಿಡಿದು ಕೂತಿದ್ದ. ಸುಮಂಗಲಾ ಮೇಡಂ ದನಿ ಅಂಗಡಿಯ ಹೊರಗೂ ಕೇಳುತ್ತಿತ್ತು.

"ಕೊಟ್ರೇಶ್, ಕೇಳಿಸ್ತಿದೆಯಾ? ನೀನು ತಪ್ಪಿ ಕಳಿಸಿದ್ದೀಯ ಅಂತ ನನ್ನ ಮನಸ್ಸು ಹೇಳ್ತಿದೆ. ಐದು ಗಂಟೆಗೆ ಪಟ್ಟಿ ಮುಚ್ತಾರೆ. ಬರ್ತೀನಿ ಅಂತ ಒಂದು ಮಾತು ಹೇಳು, ಸೀಟು ಉಳಿಸ್ಕೊಡ್ತೀನಿ. ಒಂದೇ ಮಾತು." ಸ್ವಲ್ಪ ಹೊತ್ತು ಕಾದರು. "ಸರಿಯಪ್ಪ, ನಿನ್ನಿಷ್ಟ."

ಹಾಲಮ್ಮ ರಸ್ತೆ ದಾಟಿ ಓಡಿಬರುವುದಕ್ಕೂ ಫೋನ್ ಕಟ್ಟಾಗುವುದಕ್ಕೂ ಸರಿಹೋಯಿತು. ಕಿತ್ತುಕೊಂಡು ತಿರುಗಿ ಮಾಡಿದಳು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದಳು, ಮತ್ತೆ ಮಾಡಿದಳು. ನಿಲ್ದಾಣದ ಗಡಿಯಾರದಲ್ಲಿ ಐದು ದಾಟಿತು. ದಾವಣಗೆರೆ ಬಸ್ಸು ಬಂತು, ಜನ ಇಳಿದರು, ಯಾರೋ ಎರಡು ಪ್ಲೇಟ್ ಮಿರ್ಚಿ ಕೇಳಿದರು. ಅವಳಿಗೆ ಕೇಳಿಸಲಿಲ್ಲ.

ಕೊಟ್ರೇಶ ತುಟಿ ಬಿಗಿಹಿಡಿದು ಅವ್ವನ ಮುಖವನ್ನೇ ನೋಡುತ್ತಿದ್ದ. ಕಣ್ಣು ತುಂಬಿತ್ತು. ಮಾತಾಡಲು ಅಪ್ಪಣೆ ಇರಲಿಲ್ಲ.

"ಇನ್ನು ಮಾತಾಡೋ ನನ್ನಪ್ಪಾ" ಅಂದಳು ಹಾಲಮ್ಮ, ಅಳುತ್ತ.

ಅವನು ಅವಳ ಕೈಯಿಂದ ಫೋನ್ ಮೆಲ್ಲಗೆ ತಗೊಂಡ. ಕಿವಿಗಿಟ್ಟುಕೊಂಡ. ಅತ್ತ ಕಡೆ ಯಾರೂ ಇಲ್ಲದ ಆ ಫೋನಿನೊಳಗೆ, ಮರ್ಯಾದೆಯಿಂದ, ಸ್ಪಷ್ಟವಾಗಿ ಹೇಳಿದ: "ಬರ್ತೀನಿ ಮೇಡಂ."