ಗೆಜ್ಜೆಗೆ ಕರುಬಿದ ನಾರು

ನೃತ್ಯಗಾತಿ ಮೈಥಿಲಿಯ ಬಲಗಾಲಿನ ಹರಡಿನ ಕೀಲಿನಲ್ಲಿ, ಹೊರಮಗ್ಗುಲ ಎಲುಬುಗಳನ್ನು ಬಿಗಿದು ಹಿಡಿದ ನಾರೊಂದಿತ್ತು. ಗೆಜ್ಜೆಯನ್ನು ಕಂಡರೆ ಅದಕ್ಕೆ ಹೊಟ್ಟೆಯುರಿ. ಮೈಥಿಲಿ ದಿನಾ ಗೆಜ್ಜೆಯನ್ನು ಕಣ್ಣಿಗೊತ್ತಿಕೊಂಡೇ ಕಟ್ಟುತ್ತಿದ್ದಳು; ಒಳಗಿನ ನಾರನ್ನು ಒಮ್ಮೆಯೂ ನೆನೆದವಳಲ್ಲ.

"ಭಾರ ಹೊರುವುದು ನಾನು, ನಮಸ್ಕಾರ ನಿನಗೆ! ನಾಚಿಕೆಯಾಗುವುದಿಲ್ಲವೇ ಗೆಜ್ಜಮ್ಮ?" ಎಂದು ನಾರು ಕೇಳಿತು.

"ಕುಣಿತ ಮುಗಿದರೆ ನನ್ನನ್ನು ಬಿಚ್ಚಿ ಪೆಟ್ಟಿಗೆಗೆ ಹಾಕುತ್ತಾಳೆ ಕಣೇ. ನಿನ್ನನ್ನು ಬಿಚ್ಚಿಟ್ಟದ್ದುಂಟೇ?" ಎಂದಿತು ಗೆಜ್ಜೆ.

"ಬೆಣ್ಣೆ ಹಚ್ಚಬೇಡ. ನಾಳೆ ನೋಡುತ್ತಿರು."

ಮರುದಿನ ಕುಣಿಯುವಾಗ ಪಾದ ಒಳಕ್ಕೆ ಹೊರಳಿತು. ನಾರು ಬೇಕೆಂದೇ ಹಿಡಿತ ಬಿಟ್ಟಿತು. ಕಾಲು ಉಳುಕಿತು, ನಾರೂ ಅರ್ಧ ಹರಿಯಿತು.

ಆಮೇಲೆ ಎಂಥ ಉಪಚಾರ! ಐಸು, ಮುಲಾಮು, ಬ್ಯಾಂಡೇಜು, ಕಾಲ ಕೆಳಗೆ ಎರಡೆರಡು ದಿಂಬು. ಗೆಜ್ಜೆ ಪೆಟ್ಟಿಗೆಯಲ್ಲೇ ಉಳಿಯಿತು. ನೋವಿನಲ್ಲೂ ನಾರು ಬೀಗಿತು.

ಎರಡು ತಿಂಗಳ ಮೇಲೆ ಮೈಥಿಲಿ ಮತ್ತೆ ಗೆಜ್ಜೆಯನ್ನು ಕಣ್ಣಿಗೊತ್ತಿಕೊಂಡು ಕಟ್ಟಿದಳು. ಬಲಗಾಲನ್ನು ಮೆಲ್ಲಗೆ ಸವರಿ, "ಇವತ್ತು ಕೈಕೊಡಬೇಡ ಮಾರಾಯ್ತಿ" ಎಂದಳು. ಪ್ರತಿ ಹೆಜ್ಜೆಗೂ ಈಗ ನಾರಿನದೇ ನೆನಪು. ಮೈಭಾರವನ್ನು ಮಾತ್ರ ಅವಳು ಎಡಗಾಲಿಗೆ ಕೊಟ್ಟಳು.

ಎಡಗಾಲಿನಲ್ಲೂ ಅಂಥದೇ ನಾರೊಂದಿದೆ. ಅದನ್ನು ಯಾರೂ ನೆನೆಯುವುದಿಲ್ಲ. ಬಲಗಾಲಿನ ನಾರಿಗೆ ಈಗ ಅದನ್ನು ಕಂಡರೆ ಹೊಟ್ಟೆಯುರಿ.