ಕೆರೆ ಮಣ್ಣಿನ ತೀರ್ಮಾನ

"ಗುರುಗಳೇ, ನೆನಪು ಅಳಿದುಹೋದವರನ್ನೂ ಊರಿನ ತೀರ್ಮಾನಕ್ಕೆ ಕರೆಯಬೇಕೆ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ಕುಂಬಾರರ ಕೇರಿ. ವರ್ಷಕ್ಕೊಮ್ಮೆ ಕೆರೆಯ ನೀರು ಇಳಿದಾಗ, ಮಡಕೆಯ ಮಣ್ಣನ್ನು ಮೂಡಣ ಬದಿಯಲ್ಲಿ ತೆಗೆಯಬೇಕೋ ಪಡುವಣ ಬದಿಯಲ್ಲೋ ಎಂದು ಎಲ್ಲರೂ ಸೇರಿ ತೀರ್ಮಾನಿಸುತ್ತಿದ್ದರು. ಕೆರೆಯ ಏರಿಯ ಮೇಲೆ ಬದಿಗೊಂದರಂತೆ ಎರಡು ಕಲ್ಲು. ಪ್ರತಿ ಮನೆಯ ಹಿರಿಯರು ತಮಗೆ ಸರಿ ಕಂಡ ಕಲ್ಲಿನ ಮೇಲೆ ಒಂದು ಹಿಡಿ ಮಣ್ಣು ಇಡಬೇಕು. ಒಂದು ಮನೆ ತಪ್ಪಿದರೂ ಗುದ್ದಲಿ ಮುಟ್ಟುವಂತಿಲ್ಲ.

ಅಲ್ಲೊಬ್ಬ ಮುದುಕಿಗೆ ಮರೆವು ಕವಿದಿತ್ತು. ಕೇಳಿದ ಮಾತು ಹೊಸ್ತಿಲು ದಾಟುವುದರೊಳಗೆ ಹಾರಿಹೋಗುತ್ತಿತ್ತು. ಮಳೆ ಹತ್ತಿರವಾಗಿತ್ತು, ಕೇರಿಯ ಯಜಮಾನನಿಗೆ ಅವಸರ.

"ಈ ಸಲ ನಿಮ್ಮತ್ತೆಯ ಬದಲು ನೀನೇ ಇಟ್ಟುಬಿಡಮ್ಮ" ಎಂದ, ಅವಳ ಸೊಸೆಗೆ.

"ಅತ್ತೆ ಇರುವಾಗ ನಾನು ಹೇಗೆ ಇಡಲಿ? ಕಣ್ಣಿಲ್ಲದ ದೊಡ್ಡಪ್ಪನನ್ನು ಕೈಹಿಡಿದು ಏರಿ ಹತ್ತಿಸುತ್ತೀರಲ್ಲ."

"ಅವನಿಗೆ ದಾರಿ ಕಾಣದು, ಅಷ್ಟೇ. ಇವಳಿಗೆ ಹೇಳಿದ್ದೇ ನಿಲ್ಲದಲ್ಲ!"

"ನಿಲ್ಲದಿದ್ದರೆ ಮತ್ತೆ ಹೇಳಿ, ಯಜಮಾನರೇ."

ಯಜಮಾನನಿಗೆ ಸಿಟ್ಟು ಬಂತು. ಆದರೆ ಆ ಮಾತು ಅವನನ್ನು ಬಿಡಲಿಲ್ಲ. ಮರುದಿನ ಬೆಳಿಗ್ಗೆ ಮುದುಕಿಯ ಬಾಗಿಲಿನಿಂದ ಏರಿಯವರೆಗೆ ಕೇರಿಯವರನ್ನು ಸಾಲಾಗಿ ನಿಲ್ಲಿಸಿದ. ಮುದುಕಿ ಮುಷ್ಟಿಯಲ್ಲಿ ಮಣ್ಣು ಹಿಡಿದು ಹೊರಟಳು. ಎದುರಾದವರೆಲ್ಲ ಒಂದೇ ಮಾತು ಕೇಳಿದರು: "ಅಜ್ಜೀ, ಮಣ್ಣು ತೆಗೆಯೋದು ಮೂಡಣಕ್ಕೋ, ಪಡುವಣಕ್ಕೋ?"

"ಏನ್ರೋ, ಎಲ್ಲರೂ ನನ್ನನ್ನೇ ಕೇಳ್ತೀರಿ! ನಿಮಗ್ಯಾರಿಗೂ ಗೊತ್ತಿಲ್ಲವಾ?" ಎಂದು ಮುದುಕಿ ನಕ್ಕಳು. ನಿಂತವರೂ ನಕ್ಕರು. ನಕ್ಕು, ಮತ್ತೆ ಕೇಳಿದರು.

ಯಜಮಾನ ಅವಳ ಹಿಂದೆಯೇ ನಡೆದ. ಮೂಡಣವೇ ಆಗಬೇಕೆಂದು ಜಗಳವಾಡಿದವರು ಆ ಸಾಲಿನಲ್ಲಿದ್ದರು, ಪಡುವಣವೇ ಎಂದು ಹಟ ಹಿಡಿದವರೂ ಇದ್ದರು. ಒಬ್ಬರಾದರೂ ತಮ್ಮ ಬದಿಯ ಹೆಸರನ್ನು ಒತ್ತಿ ಹೇಳಲಿಲ್ಲ, ಕಣ್ಣಿನಿಂದಲೂ ತೋರಿಸಲಿಲ್ಲ. ಯಜಮಾನನಿಗೆ ತಾನು ಹುಟ್ಟಿ ಬೆಳೆದ ಕೇರಿಯನ್ನು ಅಂದೇ ಮೊದಲು ಕಂಡಂತಾಯಿತು.

ಏರಿಯ ಮೇಲೆ ಮುದುಕಿ ಎರಡು ಕಲ್ಲುಗಳನ್ನೂ ನೋಡುತ್ತ ಬಹಳ ಹೊತ್ತು ನಿಂತಳು. ಯಾರೂ ಅವಸರ ಮಾಡಲಿಲ್ಲ. ಕೊನೆಗೆ ಪಡುವಣದ ಕಲ್ಲಿನ ಮೇಲೆ ಮಣ್ಣಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಎಲ್ಲ ಮನೆಯೂ ಬಂತು" ಎಂದು ಯಜಮಾನ ಸಾರಿದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, "ಮುದುಕಿ ಆರಿಸಿದ ಬದಿ ಸರಿಯಾಗಿತ್ತೇ, ಗುರುಗಳೇ?" ಎಂದ.

"ಉಳಿದವರು ಆರಿಸಿದ್ದು ಸರಿಯಾಗಿತ್ತೇ ಎಂದು ನೀನು ಕೇಳಲಿಲ್ಲವಲ್ಲ" ಎಂದರು ಗುರುಗಳು.