ಬಂಡೆ ಬಿಸಿಲನ್ನು ಇಟ್ಟುಕೊಂಡದ್ದು

ಲೋಕ ಆಗಿನ್ನೂ ಹೊಸದು. ಮಣ್ಣು ಹಸಿಯಾಗಿತ್ತು. ನಕ್ಷತ್ರಗಳಿಗೆ ತಮ್ಮ ಜಾಗ ಗೊತ್ತಿರಲಿಲ್ಲ. ಬೆಂಕಿ ಹುಟ್ಟಿರಲಿಲ್ಲ.

ಆಗೆಲ್ಲ ಸೂರ್ಯ ಮುಳುಗಿದರೆ ಬಿಸಿಯೂ ಅವನ ಹಿಂದೆಯೇ ಹೋಗುತ್ತಿತ್ತು. ಚೂರೂ ಉಳಿಯುತ್ತಿರಲಿಲ್ಲ.

ತಿರುಕಪ್ಪ ಅಂತ ಒಬ್ಬ ಇದ್ದ. ಹೆಂಡತಿ ಹೆರಿಗೆಯಲ್ಲಿ ಹೋಗಿದ್ದಳು. ಕೈಯಲ್ಲಿ ಹಸುಗೂಸು. ರಾತ್ರಿ ಚಳಿಗೆ ಕೂಸಿನ ತುಟಿ ನೀಲಿಯಾಗುತ್ತಿತ್ತು. ದಿನದಿಂದ ದಿನಕ್ಕೆ ಅಳು ಸಣ್ಣದಾಗುತ್ತಿತ್ತು.

ಒಂದು ಸಂಜೆ ಅವನು ಸೂರ್ಯನನ್ನು ಕೂಗಿದ. "ಅಣ್ಣಾ, ಇವತ್ತು ಇಲ್ಲೇ ಇರು."

"ಆಗಲ್ಲಪ್ಪ. ಆಚೆ ಕಡೆಯವರೂ ನನ್ನ ದಾರಿ ಕಾಯ್ತಾರೆ."

"ಹೋಗೋರನ್ನ ಹಿಡಿಯೋಕಾಗಲ್ಲ. ನಂಗೊತ್ತು. ಏನಾದ್ರೂ ಬಿಟ್ಟು ಹೋಗು."

"ಬಿಡ್ತೀನಿ. ಇಟ್ಕೊಳ್ಳೋರು ಬೇಕಲ್ಲ?"

"ನಾನಿದೀನಿ!" ಅಂತ ಗಾಳಿ ಓಡಿ ಬಂತು. ಬಿಸಿಯನ್ನು ಬಾಚಿಕೊಂಡಿತು. ಗುಡ್ಡ ದಾಟುವುದರೊಳಗೆ ಎಲ್ಲ ಚೆಲ್ಲಿತು.

"ನಾನಿದೀನಿ" ಅಂದಿತು ಹೊಳೆ. ಮಡಿಲಲ್ಲಿ ಕಟ್ಟಿಕೊಂಡಿತು. ಹಾಗೇ ಹರಿದು ಹೋಯಿತು.

ಬಹಳ ಹೊತ್ತಿನ ಮೇಲೆ ಬಂಡೆ ಬಾಯಿ ಬಿಟ್ಟಿತು. "ನಾನು... ಇಟ್ಕೊಳ್ಳಲಾ?"

ಗಾಳಿ ನಕ್ಕಿತು. "ನಿನ್ನೆ ಕೇಳಿದ್ದಕ್ಕೆ ಇವತ್ತು ಮಾತಾಡ್ತೀಯ. ನೀನೇನು ಇಟ್ಕೊಳ್ತೀಯೋ ದಡ್ಡ!"

ಬಂಡೆ ಸಿಟ್ಟಾಗಲಿಲ್ಲ. ಮಾರನೇ ದಿನ ಪೂರ್ತಿ ಬಿಸಿಲು ಕುಡಿಯಿತು. ಸಂಜೆ ತಿರುಕಪ್ಪ ಕೂಸನ್ನು ಅದರ ಮೇಲೆ ಮಲಗಿಸಿದ. ಬಂಡೆಗೆ ಅಕ್ಕರೆ ಬಂತು. ಇದ್ದದ್ದೆಲ್ಲ ಒಮ್ಮೆಗೇ ಕೊಟ್ಟುಬಿಟ್ಟಿತು. ಕೂಸು ಬೆವೆತು ಚೀರಿತು. ಸ್ವಲ್ಪ ಹೊತ್ತಿಗೆ ಬಂಡೆ ಬರಿದಾಯಿತು. ಮತ್ತೆ ಅದೇ ಚಳಿ.

"ನಂಗೆ ಕೊಡೋಕೆ ಬರಲ್ಲ" ಅಂದಿತು ಬಂಡೆ.

ತಿರುಕಪ್ಪ ಕೂಸನ್ನು ಎದೆಗೆ ಒತ್ತಿ ಬೆಳಗು ಮಾಡಿದ. ಆಮೇಲೆ ಒಳಲೆ ತಂದ. ಮೂತಿ ಇರುವ ಪುಟ್ಟ ಮರದ ಬಟ್ಟಲು. ಅದರಲ್ಲಿ ಮೇಕೆ ಹಾಲು.

"ನೋಡು" ಅಂದ. "ಒಮ್ಮೆಗೇ ಸುರಿದ್ರೆ ಕಕ್ಕುತ್ತೆ. ಒಂದು ಗುಟುಕು. ನುಂಗಲಿ. ಆಮೇಲೆ ಇನ್ನೊಂದು."

ಬಂಡೆ ನೋಡಿತು. ಬಂಡೆಗಳು ನೋಡಿದರೆ ಬಹಳ ಹೊತ್ತು ನೋಡುತ್ತವೆ.

ಆ ರಾತ್ರಿ ಬಂಡೆ ಬಿಸಿಯನ್ನು ಗುಟುಕು ಗುಟುಕಾಗಿ ಬಿಟ್ಟಿತು. ನಕ್ಷತ್ರಗಳು ಒಂದೊಂದಾಗಿ ತಮ್ಮ ಜಾಗಕ್ಕೆ ಬಂದು ಕೂತವು. ಗಾಳಿ ಸುಮ್ಮನಾಯಿತು. ಕೂಸು ಮುಷ್ಟಿ ಬಿಚ್ಚಿ ಮಲಗಿತು. ತಿರುಕಪ್ಪನಿಗೂ ನಿದ್ದೆ ಬಂತು. ಎಷ್ಟೋ ದಿನದ ಮೇಲೆ.

ಬೆಳಗ್ಗೆ ಸೂರ್ಯ ಗುಡ್ಡದ ಮೇಲಿಂದ ಇಣುಕಿದ. ಕೂಸಿನ ತುಟಿ ಕೆಂಪಗಿತ್ತು.

"ನಾನು ಕೊಟ್ಟಿದ್ದು ಇನ್ನೂ ಇದೆಯಾ?" ಅಂತ ಮೆಲ್ಲಗೆ ಕೇಳಿದ.

"ಚೂರು ಇದೆ ಅಣ್ಣಾ" ಅಂದಿತು ಬಂಡೆ.

ಅದಕ್ಕೇ ಮಗು, ಹೊತ್ತು ಮುಳುಗಿ ಎಷ್ಟೋ ಹೊತ್ತಾದ ಮೇಲೂ ನೀನು ಬಂಡೆಗೆ ಕೆನ್ನೆ ಇಟ್ಟರೆ ಅದು ಬೆಚ್ಚಗಿರುತ್ತದೆ.